ಗಣಿತ ಸ್ಪರ್ಧೆ: ಪರೀಕ್ಷಾ ಕೊಠಡಿಯ ಆಚೆಗಿನ ಸಿದ್ಧತೆ

ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಗಣಿತ ಸ್ಪರ್ಧೆ ಏರ್ಪಡಿಸುವುದೆಂದರೆ ಸಭಾಂಗಣ, ಪ್ರಮಾಣಪತ್ರ, ಮುಖ್ಯ ಅತಿಥಿಗಳನ್ನು ಗೊತ್ತುಮಾಡುವುದು ಎಂಬ ಭಾವನೆ ವ್ಯಾಪಕವಾಗಿದೆ. ಇವು ಕೊನೆಯ ವಾರದ ಕೆಲಸಗಳು. ಸ್ಪರ್ಧೆಯ ಯೋಗ್ಯತೆ ನಿರ್ಧಾರವಾಗುವುದು ಅದಕ್ಕೂ ತಿಂಗಳುಗಳ ಮೊದಲು ಪ್ರಶ್ನೆಗಳನ್ನು ಆರಿಸುವಾಗ, ಅನಂತರ ಉತ್ತರಪತ್ರಿಕೆಗಳನ್ನು ಓದುವಾಗ. ಇವೆರಡರಲ್ಲಿ ಎಡವಿದರೆ, ನಿಜಕ್ಕೂ ಯೋಚಿಸಬಲ್ಲ ವಿದ್ಯಾರ್ಥಿ ತನಗೆ ಗಣಿತ ಒಗ್ಗದೆಂದು ತಿಳಿದು ಮನೆಗೆ ಮರಳುತ್ತಾನೆ. ಆ ನಷ್ಟ ಯಾವ ಫಲಿತಾಂಶ ಪಟ್ಟಿಯಲ್ಲೂ ಕಾಣುವುದಿಲ್ಲ.

ಇಂತಹ ಸ್ಪರ್ಧೆಗಳಿಗೆ ಹಂಗೇರಿಯದು ಹಳೆಯ ಮಾದರಿ. ಭೌತವಿಜ್ಞಾನಿ ಲೊರಾಂಡ್ ಎಟ್ವೆಷ್ ಶಿಕ್ಷಣ ಸಚಿವರಾದಾಗ, ಅವರ ಗೌರವಾರ್ಥ ಅಲ್ಲಿನ ಗಣಿತ ಮತ್ತು ಭೌತವಿಜ್ಞಾನ ಸಂಘವು 1894ರಲ್ಲಿ ಅದನ್ನು ಆರಂಭಿಸಿತು. ಆಗಷ್ಟೇ ಶಾಲೆ ಮುಗಿಸಿದವರಿಗೆ ಮೂರು ಪ್ರಶ್ನೆ, ನಾಲ್ಕು ಗಂಟೆ ಅವಧಿ. ಪುಸ್ತಕ ತೆರೆದು ನೋಡಲು ಅಡ್ಡಿ ಇರಲಿಲ್ಲ. ನೋಡಿ ಬರೆಯಬಹುದಾದ ಪ್ರಶ್ನೆಗಳನ್ನು ಕೇಳುತ್ತಲೇ ಇರಲಿಲ್ಲ. ವಾಯುಗತಿ ವಿಜ್ಞಾನದಲ್ಲಿ ಮುಂದೆ ಹೆಸರಾದ ಥಿಯೊಡೋರ್ ಫಾನ್ ಕಾರ್ಮಾನ್ ಈ ಸ್ಪರ್ಧೆಯ ವಿಜೇತರಲ್ಲೊಬ್ಬರು.

ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರುಮೇನಿಯಾದಲ್ಲಿ ಏಳು ದೇಶಗಳೊಂದಿಗೆ ಆರಂಭವಾಯಿತು. ಇಂದು ನೂರಕ್ಕೂ ಹೆಚ್ಚು ದೇಶಗಳು ಪಾಲ್ಗೊಳ್ಳುತ್ತವೆ. ಪ್ರತಿ ತಂಡದಲ್ಲಿ ಗರಿಷ್ಠ ಆರು ವಿದ್ಯಾರ್ಥಿಗಳು. ಎರಡು ದಿನ, ದಿನಕ್ಕೆ ಮೂರು ಪ್ರಶ್ನೆ, ನಾಲ್ಕೂವರೆ ಗಂಟೆ. ಒಂದು ಪ್ರಶ್ನೆಗೆ 7ರಂತೆ ಒಟ್ಟು 42 ಅಂಕ. ಪ್ರಶ್ನೆಗಳನ್ನು ಸೂಚಿಸುವವರು ಪಾಲ್ಗೊಳ್ಳುವ ದೇಶಗಳೇ. ಆತಿಥೇಯ ದೇಶದ ಸಮಿತಿ ಅವುಗಳನ್ನು ಬಿಡಿಸಿ ನೋಡಿ ಕಿರುಪಟ್ಟಿ ಮಾಡುತ್ತದೆ. ತಂಡಗಳ ನಾಯಕರ ಮಂಡಳಿ ಕೊನೆಯ ಆರನ್ನು ಆರಿಸುತ್ತದೆ. ಪ್ರಶ್ನೆ ತಿಳಿದ ನಾಯಕರು ಪರೀಕ್ಷೆ ಮುಗಿಯುವವರೆಗೆ ತಮ್ಮ ವಿದ್ಯಾರ್ಥಿಗಳಿಂದ ದೂರವಿರಬೇಕು.

ಪ್ರಶ್ನೆಯೊಂದರ ಕಾಠಿಣ್ಯವನ್ನು ಅಳೆಯುವುದು ತಜ್ಞರಿಗೂ ಸುಲಭವಲ್ಲ. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಕೇಳಿದ ಆರನೆಯ ಪ್ರಶ್ನೆ ಇದಕ್ಕೆ ಪ್ರಸಿದ್ಧ ನಿದರ್ಶನ. ಎರಡು ಧನ ಪೂರ್ಣಾಂಕಗಳ ವರ್ಗಗಳ ಮೊತ್ತವನ್ನು, ಅವುಗಳ ಗುಣಲಬ್ಧಕ್ಕೆ ಒಂದನ್ನು ಕೂಡಿದಾಗ ಬರುವ ಸಂಖ್ಯೆಯು ನಿಶ್ಶೇಷವಾಗಿ ಭಾಗಿಸಿದರೆ, ಭಾಗಲಬ್ಧ ಪೂರ್ಣ ವರ್ಗವೇ ಆಗಿರುತ್ತದೆಂದು ಸಾಧಿಸಬೇಕಿತ್ತು. ಸಮಿತಿಯ ಸದಸ್ಯರಿಗೆ ಅದು ಬಗೆಹರಿಯಲಿಲ್ಲ. ಸಂಖ್ಯಾ ಸಿದ್ಧಾಂತದ ನಾಲ್ವರು ತಜ್ಞರಿಗೂ ಆರು ಗಂಟೆಗಳಲ್ಲಿ ಸಾಧ್ಯವಾಗಲಿಲ್ಲ. ಆದರೂ ಮಂಡಳಿ ಅದನ್ನು ಆರಿಸಿತು. ಹನ್ನೊಂದು ವಿದ್ಯಾರ್ಥಿಗಳು ಪೂರ್ಣ ಅಂಕ ಪಡೆದರು! ಇಂತಹ ಸಾಹಸ ಜಾಗತಿಕ ಮಟ್ಟಕ್ಕೆ ಸರಿ. ತಾಲ್ಲೂಕು ಮಟ್ಟದ ಸ್ಪರ್ಧೆಯಲ್ಲಿ ಮೊದಲ ಪ್ರಶ್ನೆಯನ್ನಾದರೂ ಬಹುಪಾಲು ಮಕ್ಕಳು ಬಿಡಿಸುವಂತಿರಬೇಕು.

ಭಾರತದಲ್ಲಿ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯು 1986ರಲ್ಲಿ ರಾಷ್ಟ್ರೀಯ ಒಲಿಂಪಿಯಾಡನ್ನು ಆರಂಭಿಸಿತು. ದೇಶದ ತಂಡ ಮೊದಲು ಪಾಲ್ಗೊಂಡದ್ದು 1989ರಲ್ಲಿ. 1996ರ ಅಂತರರಾಷ್ಟ್ರೀಯ ಕೂಟ ಮುಂಬಯಿಯಲ್ಲೇ ನಡೆಯಿತು. 2024ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಭಾರತ ನಾಲ್ಕು ಚಿನ್ನ, ಒಂದು ಬೆಳ್ಳಿಯೊಂದಿಗೆ ನಾಲ್ಕನೆಯ ಸ್ಥಾನ ಪಡೆಯಿತು. ಆಯ್ಕೆಯ ಮೊದಲ ಮೆಟ್ಟಿಲಾದ ಅರ್ಹತಾ ಪರೀಕ್ಷೆಯಲ್ಲಿ ಮೂವತ್ತು ಪ್ರಶ್ನೆಗಳಿದ್ದು, ಉತ್ತರವಾಗಿ ಎರಡಂಕಿಯ ಸಂಖ್ಯೆಯನ್ನಷ್ಟೇ ಗುರುತಿಸಬೇಕು. ಪ್ರಾದೇಶಿಕ ಮತ್ತು ರಾಷ್ಟ್ರೀಯ ಹಂತಗಳಲ್ಲಿ ಮಾತ್ರ ಸಾಧನೆಯನ್ನು ಪೂರ್ತಿ ಬರೆಯಬೇಕಾಗುತ್ತದೆ. ಈ ಚಟುವಟಿಕೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ದುಡಿದ ಸಿ. ಆರ್. ಪ್ರಾಣೇಶಾಚಾರ್ ಮತ್ತು ಬಿ. ಜೆ. ವೆಂಕಟಾಚಲ ಅವರು ಇನ್ನಿಬ್ಬರೊಂದಿಗೆ ರಚಿಸಿದ 'ಚಾಲೆಂಜ್ ಅಂಡ್ ಥ್ರಿಲ್ ಆಫ್ ಪ್ರೀ-ಕಾಲೇಜ್ ಮ್ಯಾಥಮ್ಯಾಟಿಕ್ಸ್' ಗ್ರಂಥ ಈ ಸಿದ್ಧತೆಯಲ್ಲಿ ದೇಶದಾದ್ಯಂತ ಬಳಕೆಯಲ್ಲಿದೆ.

ಸಾವಿರಾರು ಮಕ್ಕಳನ್ನು ಜರಡಿ ಹಿಡಿಯಲು ಸಂಖ್ಯಾರೂಪದ ಉತ್ತರ ಅನಿವಾರ್ಯ. ಆದರೆ ನೂರು ಮಕ್ಕಳ ಸ್ಥಳೀಯ ಸ್ಪರ್ಧೆಗೂ ಅದನ್ನೇ ಅನುಕರಿಸುವುದು ಸೋಮಾರಿತನ. ಒಂದು ಹಳೆಯ ಪ್ರಶ್ನೆಯನ್ನು ಗಮನಿಸಬಹುದು: 1ರಿಂದ 100ರವರೆಗಿನ ಸಂಖ್ಯೆಗಳಲ್ಲಿ ಯಾವುದೇ 51ನ್ನು ಆರಿಸಿದರೂ, ಒಂದು ಇನ್ನೊಂದನ್ನು ನಿಶ್ಶೇಷವಾಗಿ ಭಾಗಿಸುವ ಜೋಡಿ ಇದ್ದೇ ಇರುತ್ತದೆಂದು ಸಾಧಿಸಿ. ಎಂಟನೆಯ ತರಗತಿಯ ಗಣಿತವೇ ಇದಕ್ಕೆ ಸಾಕು. ಪ್ರತಿ ಸಂಖ್ಯೆಯನ್ನೂ ಒಂದು ಬೆಸಸಂಖ್ಯೆ ಮತ್ತು ಎರಡರ ಘಾತದ ಗುಣಲಬ್ಧವಾಗಿ ಬರೆಯಬಹುದು. ಇಲ್ಲಿ ಬೆಸಸಂಖ್ಯೆಗಳು ಐವತ್ತೇ. ಆದ್ದರಿಂದ ಆರಿಸಿದ 51ರಲ್ಲಿ ಎರಡಕ್ಕೆ ಒಂದೇ ಬೆಸಭಾಗವಿರಬೇಕು. ಆಗ ಚಿಕ್ಕದು ದೊಡ್ಡದನ್ನು ಭಾಗಿಸುತ್ತದೆ. ಬೆಸಭಾಗದ ಕಲ್ಪನೆಯವರೆಗೆ ಬಂದು ನಿಂತ ವಿದ್ಯಾರ್ಥಿಗೆ ಏಳರಲ್ಲಿ ಎಷ್ಟು ಅಂಕ? ನಾಲ್ಕಾರು ಉದಾಹರಣೆಗಳನ್ನು ಮಾತ್ರ ಬರೆದವನಿಗೆ ಎಷ್ಟು? ಇವನ್ನು ಮೌಲ್ಯಮಾಪನಕ್ಕೆ ಮೊದಲೇ ಬರೆದಿಟ್ಟುಕೊಳ್ಳಬೇಕು.

ಭಾಷೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಅಂತರರಾಷ್ಟ್ರೀಯ ಕೂಟದಲ್ಲಿ ಪ್ರತಿ ವಿದ್ಯಾರ್ಥಿಗೂ ಪ್ರಶ್ನೆಪತ್ರಿಕೆ ಆತನಿಗೆ ಬೇಕಾದ ಭಾಷೆಯಲ್ಲಿ ಸಿಗುತ್ತದೆ. ಅನುವಾದಗಳಿಗೆ ಮಂಡಳಿಯ ಒಪ್ಪಿಗೆ ಬೇಕು. ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ ಕಾಳಜಿ ಸಲ್ಲಬೇಕು. 'ಪೂರ್ಣ ಸಂಖ್ಯೆ' ಎಂದರೆ ಸೊನ್ನೆಯಿಂದ ಆರಂಭವಾಗುವ ಗಣ, 'ಪೂರ್ಣಾಂಕ' ಎಂದರೆ ಋಣ ಸಂಖ್ಯೆಗಳೂ ಸೇರಿದ್ದು. ಅನುವಾದಕರು ಇವನ್ನು ಅದಲುಬದಲು ಮಾಡಿದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಒಂದಕ್ಕೊಂದು ಸಮವಲ್ಲದ ಸಂಖ್ಯೆಗಳನ್ನು 'ಭಿನ್ನ ಸಂಖ್ಯೆಗಳು' ಎಂದು ಬರೆದರೆ ಮಕ್ಕಳು ಭಿನ್ನರಾಶಿಗಳೆಂದು ತಿಳಿದರೆ ಆಶ್ಚರ್ಯವಿಲ್ಲ. ಪ್ರಶ್ನೆಯನ್ನು ಮೊದಲು ನೋಡಿರದ ಕನ್ನಡ ಶಿಕ್ಷಕರೊಬ್ಬರಿಗೆ ಅನುವಾದವನ್ನಷ್ಟೇ ಕೊಟ್ಟು ಬಿಡಿಸಲು ಹೇಳುವುದು ಒಳ್ಳೆಯ ಪರೀಕ್ಷೆ; ಅವರಿಂದ ಗೋಪ್ಯತೆಯ ಭರವಸೆಯನ್ನೂ ಪಡೆಯಬೇಕು. ಒಲಿಂಪಿಯಾಡಿನಲ್ಲಿ ಮೊದಲ ಅರ್ಧ ಗಂಟೆ ವಿದ್ಯಾರ್ಥಿಗಳು ಪ್ರಶ್ನೆಯ ಅರ್ಥದ ಕುರಿತ ಸಂದೇಹಗಳನ್ನು ಬರೆದು ಕೇಳಬಹುದು. ಈ ಪದ್ಧತಿಗೆ ಖರ್ಚೇನೂ ಇಲ್ಲ, ಎಲ್ಲಿಯಾದರೂ ಅಳವಡಿಸಬಹುದು.

ಮೌಲ್ಯಮಾಪನದಲ್ಲಿ ಒಬ್ಬರು ಒಂದಿಡೀ ಉತ್ತರಪತ್ರಿಕೆಯನ್ನು ತಿದ್ದುವ ಬದಲು, ಒಂದೇ ಪ್ರಶ್ನೆಯನ್ನು ಎಲ್ಲ ಪತ್ರಿಕೆಗಳಲ್ಲೂ ತಿದ್ದುವುದು ಉತ್ತಮ, ಅಳತೆಗೋಲು ಬದಲಾಗುವುದಿಲ್ಲ. ಹೆಸರು, ಶಾಲೆ ಕಾಣದಂತೆ ಸಂಕೇತ ಸಂಖ್ಯೆ ಇರಬೇಕು. ಅಂತರರಾಷ್ಟ್ರೀಯ ಕೂಟದಲ್ಲಂತೂ ತಂಡದ ನಾಯಕರು ಆತಿಥೇಯರು ನೇಮಿಸಿದ ಸಂಯೋಜಕರೊಂದಿಗೆ ಕುಳಿತು, ವಿದ್ಯಾರ್ಥಿಯ ಬರಹವನ್ನು ಸಾಲುಸಾಲಾಗಿ ವಿವರಿಸಿ ಅಂಕದ ಬಗ್ಗೆ ಒಮ್ಮತಕ್ಕೆ ಬರುತ್ತಾರೆ. ಆತಿಥೇಯ ದೇಶದ ಉತ್ತರಗಳಿಗೆ, ಆಯಾ ಪ್ರಶ್ನೆಯನ್ನು ಸೂಚಿಸಿದ ದೇಶದ ನಾಯಕರೇ ಸಂಯೋಜಕರು. ಪದಕ ದೊರೆಯದಿದ್ದರೂ ಒಂದು ಪ್ರಶ್ನೆಗೆ ಪೂರ್ಣ ಏಳು ಅಂಕ ಪಡೆದವರಿಗೆ ಗೌರವ ಉಲ್ಲೇಖವಿದೆ. ಜಿಲ್ಲಾ ಸ್ಪರ್ಧೆಗಳ ಪ್ರಮಾಣಪತ್ರಗಳಲ್ಲಿ ಅದಕ್ಕೂ ಒಂದು ಸಾಲು ಮೀಸಲಿಡಬಹುದು.