ಗೇರು ತೋಟದ ವಿಷ ಮತ್ತು ಜನರ ಆರೋಗ್ಯದ ಹಕ್ಕು



‘ಆರೋಗ್ಯವೇ ಭಾಗ್ಯ’ ಎಂಬ ಮಾತನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದವರೇ. ಆದರೆ ಭಾಗ್ಯ ಎಂಬ ಶಬ್ದಕ್ಕೆ ಹಣೆಬರಹ ಎಂಬ ಅರ್ಥವೂ ಇದೆ. ಬಡವರ ಮನೆಗೆ ಕಾಯಿಲೆ ಬಂದರೆ ಅದು ಅವರ ಹಣೆಬರಹ ಎಂದು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಹಾಗೆ ಸುಮ್ಮನಾಗದೆ, ಆರೋಗ್ಯ ನಮ್ಮ ಹಕ್ಕು ಎಂದು ಕೇಳಿದ ಹಳ್ಳಿಗರ ಚರಿತ್ರೆಯೊಂದು ಕನ್ನಡ ನಾಡಿನ ಅಂಚಿನಲ್ಲೇ ಇದೆ. ಅದೇ ಕಾಸರಗೋಡಿನ ಎಂಡೋಸಲ್ಫಾನ್ ಹೋರಾಟ.

1978ರಲ್ಲಿ ಸೋವಿಯತ್ ಒಕ್ಕೂಟದ ಅಲ್ಮಾ ಅಟಾ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಆರೋಗ್ಯವನ್ನು ಮೂಲಭೂತ ಮಾನವ ಹಕ್ಕು ಎಂದು ಸಾರಿತು. 2000ನೇ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ ಎಂಬ ಗುರಿಯನ್ನೂ ಇಟ್ಟಿತು. ಅದೇ ದಶಕದ ಕೊನೆಯ ವರ್ಷಗಳಿಂದ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡು ಭಾಗದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸತೊಡಗಿತು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಬಾವಿ, ತೋಡು. ಎರಡು ದಶಕಗಳಿಗೂ ಹೆಚ್ಚು ಕಾಲ ಈ ಸಿಂಪರಣೆ ನಡೆಯಿತು.

ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದಲ್ಲಿ ಕನ್ನಡ, ತುಳು, ಮಲಯಾಳಂ ಮಾತನಾಡುವ ಜನ ಒಟ್ಟಿಗೆ ಬಾಳುತ್ತಾರೆ. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ನರರೋಗ, ಬುದ್ಧಿಮಾಂದ್ಯ, ಕ್ಯಾನ್ಸರ್, ಹುಟ್ಟು ಅಂಗವೈಕಲ್ಯ ಅಸಾಮಾನ್ಯವಾಗಿ ಹೆಚ್ಚಿರುವುದನ್ನು ಗಮನಿಸಿದರು. ಮನೆಮನೆಯ ಕಾಯಿಲೆಗಳನ್ನು ಬರೆದಿಟ್ಟರು. ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆಯವರು ವಿಷಯವನ್ನು ಹೊರಜಗತ್ತಿಗೆ ತಿಳಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ ಸ್ವತಃ ಕೃಷಿ ಇಲಾಖೆಯ ನೌಕರರಾಗಿದ್ದರೂ 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದ ಮೆಟ್ಟಿಲೇರಿದರು. ಊರವರು ಕ್ರಿಯಾ ಸಮಿತಿ ಕಟ್ಟಿಕೊಂಡರು. ಕಾಯಿಲೆಗೆ ಈ ವಿಷ ಕಾರಣವಲ್ಲ ಎಂದು ಕೀಟನಾಶಕ ಕಂಪನಿಗಳು ವಾದಿಸುತ್ತಲೇ ಬಂದವು. ಆದರೆ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಪಡ್ರೆಯ ಶಾಲಾ ಮಕ್ಕಳ ರಕ್ತದಲ್ಲೇ ಎಂಡೋಸಲ್ಫಾನ್ ಅಂಶವನ್ನು ಕಂಡರು.

2000ದ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಸಾವರ್‌ನಲ್ಲಿ ಹಲವು ದೇಶಗಳ ಜನಸಂಘಟನೆಗಳು ಜನಾರೋಗ್ಯ ಮಹಾಸಭೆ ನಡೆಸಿ, ಅಲ್ಮಾ ಅಟಾದ ಭರವಸೆ ಏನಾಯಿತು ಎಂದು ಕೇಳಿದವು. ಕಾಸರಗೋಡಿನಲ್ಲಿ ಕೊನೆಯ ಸಿಂಪರಣೆ ನಡೆದದ್ದೂ ಅದೇ ತಿಂಗಳಲ್ಲಿ!

ಈ ಸಂಕಟ ಕೇರಳಕ್ಕಷ್ಟೇ ಸೀಮಿತವಲ್ಲ. ದಕ್ಷಿಣ ಕನ್ನಡದಲ್ಲಿ ನಮ್ಮ ಗೇರು ಅಭಿವೃದ್ಧಿ ನಿಗಮವೂ ಇದೇ ವಿಷ ಸಿಂಪಡಿಸಿತ್ತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲಿ ದೃಷ್ಟಿ ಕಳೆದುಕೊಂಡ ಶ್ರೀಧರ ಗೌಡರೇ ಹೋರಾಟದ ಮುಂದಾಳಾದರು. ಸಂತ್ರಸ್ತರಿಗೆ ಮಾಸಾಶನ, ಕೊಕ್ಕಡ ಮತ್ತು ಕೊಯಿಲದಲ್ಲಿ ಪಾಲನಾ ಕೇಂದ್ರಗಳು ಬಂದದ್ದು ಈ ಹೋರಾಟದ ಫಲ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಇದರ ಬಳಕೆಯನ್ನು ತಡೆಯಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ವಿಧಿಸಿತು.

ಗೆಲುವು ಅಲ್ಲಿಗೇ ಪೂರ್ಣವಾಯಿತೆಂದು ತಿಳಿಯಬೇಡಿ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಕೇರಳಕ್ಕೆ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ವಿಚಾರಿಸಿದಾಗ, ಬಾಕಿಯಿದ್ದ 3,704 ಜನರ ಪೈಕಿ ಹಣ ಸಿಕ್ಕಿದ್ದು 8 ಜನರಿಗೆ ಮಾತ್ರ! ಅದೂ ಆ ಎಂಟು ಮಂದಿ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದ್ದರಿಂದ. ನ್ಯಾಯಾಲಯ ಗದರಿದ ಮೇಲೆಯೇ ಉಳಿದವರಿಗೆ ಹಣ ಹಂಚುವ ಕೆಲಸ ಚುರುಕಾಯಿತು. ಕೇಳಿದವರಿಗೆ ಮಾತ್ರ ಸಿಗುವುದಾದರೆ ಅದನ್ನು ಹಕ್ಕು ಎನ್ನಬಹುದೇ? ಯೋಚಿಸಿ.

ಇದೆಲ್ಲ ದೂರದ ಕರಾವಳಿಯ ಮಾತು ಎನ್ನುವಂತಿಲ್ಲ. ಎಂಡೋಸಲ್ಫಾನ್ ಹತ್ತಿ ಬೆಳೆಗೂ ಹೊಡೆಯುತ್ತಿದ್ದ ಔಷಧ. ಹತ್ತಿ ನಮ್ಮ ಧಾರವಾಡ ಸೀಮೆಯ ಬೆಳೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧ ಹೊಡೆಯುವ ಕೂಲಿಯವರ ಮಕ್ಕಳು ನಮ್ಮ ತರಗತಿಗಳಲ್ಲೇ ಕುಳಿತಿದ್ದಾರೆ.

ವಿದ್ಯಾರ್ಥಿಗಳೇ, ಪಡ್ರೆಯ ಜನರ ಬಳಿ ಹಣವಾಗಲಿ ಅಧಿಕಾರವಾಗಲಿ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಕಾಯಿಲೆಗಳ ಪಟ್ಟಿ, ಅರ್ಜಿ, ಪತ್ರಿಕೆಯ ಲೇಖನ. ಓದು ಬರಹ ಬಲ್ಲವರು ಅದನ್ನು ನೆರೆಹೊರೆಯವರಿಗಾಗಿ ಬಳಸಿದರು. ನಿಮ್ಮ ಓಣಿಯಲ್ಲಿ ಕುಡಿಯುವ ನೀರು ಕೆಟ್ಟಿದ್ದರೆ, ಒಂದೇ ಕಾಯಿಲೆ ಹಲವು ಮನೆಗಳಿಗೆ ಬಂದಿದ್ದರೆ, ಮೊದಲು ದಿನಾಂಕ ಸಹಿತ ಬರೆದಿಡಿ. 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಯಲ್ಲಿದೆ. ಅರ್ಜಿ ಬರೆಯಲು ಬಾರದ ಅಜ್ಜಿಯೊಬ್ಬರಿಗೆ ಕನ್ನಡದಲ್ಲಿ ಒಂದು ಅರ್ಜಿ ಬರೆದುಕೊಟ್ಟರೆ, ನೀವು ಕಲಿತ ಅಕ್ಷರ ಸಾರ್ಥಕವಾಗುತ್ತದೆ.