ನಗೆ ಅನಿಲ ಎಂಜಿನ್ ಸೇರಿದ ಕಥೆ

1799ರಲ್ಲಿ ಬ್ರಿಸ್ಟಲ್‌ನ ಪ್ರಯೋಗಾಲಯದಲ್ಲಿ ತರುಣ ಹಂಫ್ರಿ ಡೇವಿ ನೈಟ್ರಸ್ ಆಕ್ಸೈಡನ್ನು ತಾನೇ ಉಸಿರಾಡಿ ನೋಡಿದ. ಅದಕ್ಕೆ ‘ನಗೆ ಅನಿಲ’ ಎಂಬ ಹೆಸರು ಅಂಟಿಕೊಂಡಿತು. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಅದರ ಮಂಪರಿನಲ್ಲೇ ತನ್ನ ಹಲ್ಲು ಕೀಳಿಸಿಕೊಂಡ. ಇನ್ನೊಂದು ಶತಮಾನ ಕಳೆಯುವಷ್ಟರಲ್ಲಿ ಅದೇ ಅನಿಲ ಯುದ್ಧವಿಮಾನ ಏರಿತ್ತು. ಗಾಳಿ ತೆಳುವಾದ ಎತ್ತರದಲ್ಲಿ ಸೊರಗುತ್ತಿದ್ದ ಎಂಜಿನ್‌ಗಳಿಗೆ ಜರ್ಮನರು ಅದನ್ನು ಹಾಯಿಸಿದರು. ಆ ವ್ಯವಸ್ಥೆಯ ಹೆಸರು ಜಿಎಂ-1.

ಗುಟ್ಟು ಸರಳ. ಇದು ಇಂಧನವಲ್ಲ; ಸಿಲಿಂಡರಿನ ಬಿಸಿಗೆ ಒಡೆದು ಆಮ್ಲಜನಕ ಕೊಡುತ್ತದೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 23, ಇದರಲ್ಲಿ ಶೇ. 36.

ಯುದ್ಧ ಮುಗಿದ ಮೇಲೆ ಈ ವಿದ್ಯೆ ಅಮೆರಿಕದ ರೇಸುಗಾರರ ಕೈಗೆ ಬಂತು. ಸೂಪರ್‌ಚಾರ್ಜರ್ ಕೊಳ್ಳಲಾಗದವರಿಗೆ ಒಂದು ಬಾಟಲಿ, ಒಂದಿಷ್ಟು ಕೊಳವೆ ಸಾಕೆನಿಸಿತು. 1970ರ ದಶಕದ ಕೊನೆಗೆ ಸಿದ್ಧ ಕಿಟ್‌ಗಳೂ ಮಾರಾಟಕ್ಕೆ ಬಂದವು.

ಎಡವಟ್ಟಾದದ್ದು ಅಗ್ಗದ ಆಸೆಯಲ್ಲಿ. ಹೆಚ್ಚಿನ ಆಮ್ಲಜನಕಕ್ಕೆ ತಕ್ಕಷ್ಟು ಪೆಟ್ರೋಲ್ ಸಿಗದಿದ್ದರೆ ಉರಿ ಮಿತಿಮೀರಿ ಪಿಸ್ಟನ್ನೇ ಕರಗುತ್ತದೆ. ಅನುಭವಿಗಳು ಕಲಿತ ಪಾಠ ಹೀಗಿದೆ: ಸುಮಾರು 50 ಅಶ್ವಶಕ್ತಿಯ ಸಣ್ಣ ಜೆಟ್‌ನಿಂದ ತೊಡಗಬೇಕು, ಅನಿಲದ ಜೊತೆಗೇ ಪೆಟ್ರೋಲನ್ನೂ ಚಿಮ್ಮಿಸುವ ‘ವೆಟ್’ ಕಿಟ್ ಆರಿಸಬೇಕು, ಕಿಡಿ ಹಾರುವ ಕ್ಷಣವನ್ನು ತುಸು ತಡಮಾಡಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಅನಿಲ ಹರಿಯುವಂಥ ಸ್ವಿಚ್ ಇರಬೇಕು, ಬಾಟಲಿಯನ್ನು ಬೆಂಕಿಯಿಂದ ಎಂದೂ ಕಾಯಿಸಬಾರದು.

ಕೈಯಲ್ಲಿ ಕಾಸು ಕಡಿಮೆಯಿದ್ದವನು ಅಶ್ವಶಕ್ತಿಯಲ್ಲಿ ಜಿಪುಣನಾಗಬಹುದು, ಇಂಧನದ ಪಂಪಿನಲ್ಲಿ ಅಲ್ಲ.