ಆಕ್ಷೇಪಣೆಯ ಹಕ್ಕು ಯಾರದು? ಅಮೆರಿಕದಲ್ಲಿ ರಾಜ್ಯದೊಳಗಿನ ಲಾರಿ ಸಾಗಣೆಯ ರಹದಾರಿ ಕಾನೂನು, 1917–2022

ಪ್ರಸ್ತಾವನೆ

ಟೆಕ್ಸಾಸಿನ ಪಶ್ಚಿಮ ತುದಿಯ ಎಲ್ ಪಾಸೊದಿಂದ ಹ್ಯೂಸ್ಟನ್‌ಗೆ ಸುಮಾರು 1,200 ಕಿಲೋಮೀಟರ್. ಬೆಂಗಳೂರು–ಮುಂಬೈ ದಾರಿಗಿಂತ ಉದ್ದವಾದ ಈ ಓಟದಲ್ಲಿ ಲಾರಿ ಒಂದು ರಾಜ್ಯದ ಗಡಿಯನ್ನೂ ದಾಟುವುದಿಲ್ಲ. ಹೀಗೆ ರಾಜ್ಯದೊಳಗೇ ಮುಗಿಯುವ ಸರಕು ಸಾಗಣೆಯನ್ನು ಅಮೆರಿಕದ ಕಾನೂನು ಬೇರೆಯಾಗಿಯೇ ಪರಿಗಣಿಸುತ್ತ ಬಂದಿದೆ. ಗಡಿ ದಾಟುವ ವ್ಯಾಪಾರ ಒಕ್ಕೂಟ ಸರ್ಕಾರದ ಅಧೀನ, ಗಡಿಯೊಳಗಿನದು ರಾಜ್ಯದ ಅಧೀನ. ಬಾಡಿಗೆಗೆ ಲೋಡ್ ಹೊರುವವರು ರಾಜ್ಯದಿಂದ ರಹದಾರಿ, ಅಂದರೆ ಪರ್ಮಿಟ್, ಪಡೆಯಬೇಕೆಂಬ ಕಟ್ಟಳೆ ಹುಟ್ಟಿದ್ದು ಈ ವಿಂಗಡಣೆಯಿಂದ.

ಈ ಕಟ್ಟಳೆಯ ಚರಿತ್ರೆಯನ್ನು ‘1930ರ ದಶಕದಲ್ಲಿ ನಿಯಂತ್ರಣ ಬಿಗಿಯಾಯಿತು, 1990ರ ದಶಕದಲ್ಲಿ ತೊಲಗಿತು’ ಎಂದು ಎರಡು ಮಾತಿನಲ್ಲಿ ಮುಗಿಸುವುದುಂಟು. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ಗಳ ಉದಾಹರಣೆಯನ್ನು ಹತ್ತಿರದಿಂದ ನೋಡಿದರೆ ಈ ನಿರೂಪಣೆ ನಿಲ್ಲುವುದಿಲ್ಲ. ಅಲ್ಲಿ ರಹದಾರಿ ಇಂದಿಗೂ ಕಡ್ಡಾಯ. ಬದಲಾದದ್ದು ಅದನ್ನು ಕೊಡುವ ಮೊದಲು ಯಾರ ಮಾತು ಕೇಳಬೇಕು ಎಂಬುದು. ಹಳೆಯ ಪದ್ಧತಿಯಲ್ಲಿ ರೈಲು ಕಂಪನಿಗೂ ಹಳೆಯ ಲಾರಿ ಮಾಲೀಕರಿಗೂ ‘ಇವರಿಗೆ ಕೊಡಬೇಡಿ’ ಎನ್ನುವ ಅವಕಾಶವಿತ್ತು, ಹೊಸ ಪದ್ಧತಿಯಲ್ಲಿ ಅದಿಲ್ಲ. ಈ ಕಾನೂನಿನ ಚರಿತ್ರೆ ಮುಖ್ಯವಾಗಿ ಆಕ್ಷೇಪಣೆಯ ಹಕ್ಕಿನ ಚರಿತ್ರೆ ಎಂಬುದು ಈ ಲೇಖನದ ವಾದ.

ರೈಲು ಆಯೋಗದ ಕೈಗೆ ಲಾರಿ

ಟೆಕ್ಸಾಸ್ ರೈಲ್‌ರೋಡ್ ಕಮಿಷನ್ ಸ್ಥಾಪನೆಯಾದದ್ದು 1891ರಲ್ಲಿ. ರೈಲು ಕಂಪನಿಗಳು ರೈತರಿಂದಲೂ ವರ್ತಕರಿಂದಲೂ ಮನಬಂದಂತೆ ದರ ವಸೂಲಿ ಮಾಡುವುದನ್ನು ತಡೆಯುವುದು ಅದರ ಉದ್ದೇಶ. ಕ್ಯಾಲಿಫೋರ್ನಿಯಾದಲ್ಲಿ ಸದರ್ನ್ ಪೆಸಿಫಿಕ್ ಕಂಪನಿಯ ಹಿಡಿತದ ವಿರುದ್ಧ ಗೆದ್ದು ಬಂದ ಗವರ್ನರ್ ಹೈರಮ್ ಜಾನ್ಸನ್ ಅವರ ಕಾಲದಲ್ಲಿ, 1911ರ ಸುಧಾರಣೆಗಳಿಂದ, ಅಲ್ಲಿನ ರೈಲು ಆಯೋಗಕ್ಕೆ ನಿಜವಾದ ಅಧಿಕಾರ ಬಂತು. ರೈಲಿಗೆ ಕಡಿವಾಣ ಹಾಕಲೆಂದು ಹುಟ್ಟಿದ ಈ ಸಂಸ್ಥೆಗಳ ಕೈಗೇ ಮುಂದೆ ಲಾರಿಯ ರಹದಾರಿಯೂ ಹೋಯಿತು. ಇದರ ಪರಿಣಾಮ ಸಣ್ಣದಲ್ಲ. ಆಯೋಗದ ಲೆಕ್ಕದಲ್ಲಿ ರೈಲು ಎಂದರೆ ನಿಗದಿತ ದರಕ್ಕೆ ಎಲ್ಲರ ಸರಕನ್ನೂ ಹೊರಲೇಬೇಕಾದ ಸಾರ್ವಜನಿಕ ಸಾಗಣೆದಾರ. ಹೆಚ್ಚು ಬಾಡಿಗೆ ಸಿಗುವ ಸರಕನ್ನಷ್ಟೇ ಆರಿಸಿಕೊಂಡು ಹೋಗಬಲ್ಲ ಲಾರಿ ಈ ವ್ಯವಸ್ಥೆಗೆ ಅಪಾಯವಾಗಿ ಕಂಡಿತು.

ಕ್ಯಾಲಿಫೋರ್ನಿಯಾದ 1917ರ ಕಾಯ್ದೆ ನಿಗದಿತ ಊರುಗಳ ನಡುವೆ ಓಡುವ ಬಸ್ಸು, ಲಾರಿಗಳನ್ನು ಆಯೋಗದ ಅಧೀನಕ್ಕೆ ತಂದಿತು. ಆಗಲೇ ಓಡುತ್ತಿದ್ದವರ ಹಕ್ಕು ಉಳಿಯಿತು. ಹೊಸಬರು ‘ಸಾರ್ವಜನಿಕ ಅನುಕೂಲ ಮತ್ತು ಅಗತ್ಯ’ ಇದೆಯೆಂದು ರುಜುವಾತು ಮಾಡಿ ಪ್ರಮಾಣಪತ್ರ ಪಡೆಯಬೇಕಾಯಿತು. ಲಾರಿ ಸುಸ್ಥಿತಿಯಲ್ಲಿದೆ, ಚಾಲಕನಿಗೆ ಅನುಭವವಿದೆ ಎಂದಷ್ಟೇ ತೋರಿಸಿದರೆ ಸಾಲದು, ಆ ಮಾರ್ಗಕ್ಕೆ ಇನ್ನೊಂದು ಲಾರಿ ಬೇಕು ಎಂದೂ ತೋರಿಸಬೇಕು. ಈಗಿರುವ ಸೇವೆಯೇ ಸಾಕು ಎನ್ನಲು ವಿಚಾರಣೆಗೆ ಬಂದು ನಿಲ್ಲುತ್ತಿದ್ದವರು ಆ ಸೇವೆಯಿಂದ ದುಡಿಯುತ್ತಿದ್ದವರೇ.

ನ್ಯಾಯಾಲಯ ಎಳೆದ ಗೆರೆಗಳು

1925–26ರ ಮೂರು ತೀರ್ಪುಗಳು ರಾಜ್ಯಗಳ ಅಧಿಕಾರದ ಎಲ್ಲೆಯನ್ನು ಗುರುತಿಸಿದವು. ಡೆಟ್ರಾಯಿಟ್‌ನಿಂದ ಒಹಾಯೊ ರಾಜ್ಯದ ಟೊಲೆಡೊಗೆ ಮೂರು ಕಾರ್ಖಾನೆಗಳ ಕರಾರಿನ ಮೇಲೆ ಕಾರುಗಳ ಬಾಡಿ ಸಾಗಿಸುತ್ತಿದ್ದ ಡ್ಯೂಕ್ ಎಂಬವರನ್ನು ಸಾರ್ವಜನಿಕ ಸಾಗಣೆದಾರ ಎಂದು ಘೋಷಿಸಿ ರಹದಾರಿ ಕೇಳಿದ ಮಿಶಿಗನ್ ರಾಜ್ಯಕ್ಕೆ 1925ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋಲಾಯಿತು. ಖಾಸಗಿ ಕರಾರುದಾರನನ್ನು ಬರಿಯ ಶಾಸನದ ಬಲದಿಂದ ಸಾರ್ವಜನಿಕ ಸಾಗಣೆದಾರನನ್ನಾಗಿ ಮಾಡಲಾಗದು ಎಂದಿತು ನ್ಯಾಯಾಲಯ. ಅದೇ ವರ್ಷ, ಪೋರ್ಟ್‌ಲ್ಯಾಂಡ್–ಸಿಯಾಟಲ್ ನಡುವಿನ ವಾಹನ ಸೇವೆಗೆ ಸಂಬಂಧಿಸಿದ ಬಕ್ ಪ್ರಕರಣದಲ್ಲಿ ನ್ಯಾಯಮೂರ್ತಿ ಬ್ರಾಂಡೈಸ್ ಬರೆದ ತೀರ್ಪಿನ ಸಾರ ಹೀಗಿತ್ತು: ಅಂತರರಾಜ್ಯ ಸಾಗಣೆಯಲ್ಲಿ ಸುರಕ್ಷತೆಗಾಗಿ ರಾಜ್ಯ ನಿಯಮ ಮಾಡಬಹುದು, ಪೈಪೋಟಿಯನ್ನು ತಡೆಯುವ ಸಲುವಾಗಿ ಅನುಮತಿ ನಿರಾಕರಿಸುವಂತಿಲ್ಲ. ಸುರಕ್ಷತೆಯ ಅನುಮತಿ ಒಂದು, ಮಾರುಕಟ್ಟೆ ಪ್ರವೇಶದ ಅನುಮತಿ ಮತ್ತೊಂದು ಎಂಬ ಭೇದ ಇಲ್ಲಿ ಸ್ಪಷ್ಟವಾಯಿತು. ಆದರೆ ಈ ಭೇದದ ರಕ್ಷಣೆ ಸಿಕ್ಕಿದ್ದು ಗಡಿ ದಾಟುವ ಲಾರಿಗೆ ಮಾತ್ರ.

ಮೂರನೆಯದು ಕ್ಯಾಲಿಫೋರ್ನಿಯಾದ ಫ್ರಾಸ್ಟ್ ಪ್ರಕರಣ (1926). ಖಾಸಗಿ ಕರಾರಿನ ಮೇಲೆ ಕಿತ್ತಳೆ ಜಾತಿಯ ಹಣ್ಣು ಸಾಗಿಸುತ್ತಿದ್ದ ಲಾರಿ ಕಂಪನಿ ರಾಜ್ಯದ ಪ್ರಮಾಣಪತ್ರ ಪಡೆದಿರಲಿಲ್ಲ. ರಸ್ತೆ ಬಳಸಬೇಕಾದರೆ ಸಾರ್ವಜನಿಕ ಸಾಗಣೆದಾರರ ಕರ್ತವ್ಯಗಳನ್ನು ಹೊರಬೇಕೆಂಬ ಷರತ್ತು ಸಂವಿಧಾನಬಾಹಿರ ಎಂದು ನ್ಯಾಯಮೂರ್ತಿ ಸದರ್‌ಲ್ಯಾಂಡ್ ಬರೆದರು. ಕಾಯ್ದೆಯ ನಿಜವಾದ ಗುರಿ ರಸ್ತೆಯ ರಕ್ಷಣೆಯಲ್ಲ, ಸಾರ್ವಜನಿಕ ಸಾಗಣೆದಾರರನ್ನು ಪೈಪೋಟಿಯಿಂದ ಕಾಯುವುದು ಎಂದೂ ಅವರು ಗುರುತಿಸಿದರು. ಹೋಮ್ಸ್ ಮತ್ತಿತರರು ಭಿನ್ನಮತ ದಾಖಲಿಸಿದರು.

ಟೆಕ್ಸಾಸ್, 1932

ಟೆಕ್ಸಾಸ್ ಈ ತೀರ್ಪಿನಿಂದ ಪಾಠ ಕಲಿಯಿತು. 1929ರಲ್ಲಿ ಲಾರಿಗಳನ್ನು ರೈಲ್‌ರೋಡ್ ಕಮಿಷನ್ನಿನ ಕೈಗೆ ಕೊಟ್ಟ ಆ ರಾಜ್ಯ 1931ರಲ್ಲಿ ಕಾನೂನನ್ನು ಬಿಗಿಗೊಳಿಸುವಾಗ ಕರಾರು ಸಾಗಣೆದಾರರನ್ನು ಸಾರ್ವಜನಿಕ ಸಾಗಣೆದಾರರೆಂದು ಕರೆಯುವ ಗೋಜಿಗೆ ಹೋಗಲಿಲ್ಲ. ಅವರಿಗೆಂದೇ ಬೇರೆ ರಹದಾರಿ ಮಾಡಿತು. ಅದಕ್ಕೆ ಎರಡು ಷರತ್ತು: ಹೊಸ ಲಾರಿಯಿಂದ ಅಧಿಕೃತ ಸಾರ್ವಜನಿಕ ಸಾಗಣೆದಾರರ ಸೇವೆಗೆ ಧಕ್ಕೆಯಾಗಬಾರದು, ಕರಾರು ಸಾಗಣೆದಾರರ ದರ ಸಾರ್ವಜನಿಕ ಸಾಗಣೆದಾರರ ದರಕ್ಕಿಂತ ಕಡಿಮೆ ಇರಬಾರದು.

ಸ್ಟೀಫನ್‌ಸನ್ ಪ್ರಕರಣದಲ್ಲಿ (1932) ಈ ಕಾಯ್ದೆಯನ್ನು ಎತ್ತಿಹಿಡಿದ ತೀರ್ಪನ್ನು ಬರೆದವರೂ ಸದರ್‌ಲ್ಯಾಂಡ್ ಅವರೇ. ಹೆದ್ದಾರಿ ಸಾರ್ವಜನಿಕರ ಸ್ವತ್ತು, ಲಾಭಕ್ಕಾಗಿ ಅದನ್ನು ಬಳಸುವುದು ವಿಶೇಷ ಬಗೆಯ ಬಳಕೆ, ಅದನ್ನು ನಿಷೇಧಿಸುವ ಇಲ್ಲವೇ ಷರತ್ತಿಗೆ ಒಳಪಡಿಸುವ ಅಧಿಕಾರ ರಾಜ್ಯಕ್ಕಿದೆ ಎಂಬುದು ಈ ಬಾರಿಯ ತರ್ಕ. ಲಾರಿಗಳ ದರ ಇಳಿಯದಂತೆ ತಡೆದರೆ ಸರಕು ರೈಲಿಗೆ ಮರಳುತ್ತದೆ, ರಸ್ತೆಯ ಸವೆತ ಕಡಿಮೆಯಾಗುತ್ತದೆ ಎಂಬ ವಾದಕ್ಕೂ ಮನ್ನಣೆ ಸಿಕ್ಕಿತು. ಆರು ವರ್ಷಗಳ ಹಿಂದೆ ಮುಸುಕೆಂದು ಕಂಡದ್ದು ಈಗ ಕಾನೂನಿನ ನ್ಯಾಯವಾದ ಗುರಿಯಾಯಿತು.

ಅದೇ ವರ್ಷದ ಸ್ಪ್ರೋಲ್ಸ್ ಪ್ರಕರಣ ಇನ್ನೂ ಹೆಚ್ಚು ಹೇಳುತ್ತದೆ. ಟೆಕ್ಸಾಸಿನಲ್ಲಿ ಲಾರಿಯೊಂದು ಹೊರಬಹುದಾದ ಭಾರ 7,000 ಪೌಂಡಿಗೆ, ಸುಮಾರು 3,175 ಕಿಲೋಗೆ, ಸೀಮಿತವಾಗಿತ್ತು. ಆದರೆ ಸರಕನ್ನು ಹತ್ತಿರದ ಸಾರ್ವಜನಿಕ ಸಾಗಣೆದಾರರ ಲೋಡಿಂಗ್ ಸ್ಥಳಕ್ಕೆ ಒಯ್ಯುವ ಲಾರಿ 14,000 ಪೌಂಡು ಹೊರಬಹುದಿತ್ತು. ಸವೆತವೊಂದೇ ಚಿಂತೆಯಾಗಿದ್ದರೆ, ರೈಲು ನಿಲ್ದಾಣದ ಕಡೆ ಹೊರಟ ಲಾರಿಗೆ ಇಮ್ಮಡಿ ಭಾರ ಬಿಡಲು ಕಾರಣವೇ ಇರಲಿಲ್ಲ. ಮುಖ್ಯ ನ್ಯಾಯಮೂರ್ತಿ ಹ್ಯೂಸ್ ಈ ಭೇದವನ್ನೂ ಒಪ್ಪಿದರು. ಪೀಠಿಕೆಯಲ್ಲಿ ಹೆದ್ದಾರಿಯ ಹೆಸರು, ಪರಿಣಾಮದಲ್ಲಿ ರೈಲಿಗೆ ಅನುಕೂಲ: ಆ ಕಾಲದ ಕಾನೂನಿನ ರಚನೆಯೇ ಹೀಗಿತ್ತು.

ಎರಡು ಮಾರುಕಟ್ಟೆಗಳು, 1935–1994

1935ರಲ್ಲಿ ಒಕ್ಕೂಟ ಸರ್ಕಾರ ಅಂತರರಾಜ್ಯ ಲಾರಿ ಸಾಗಣೆಯನ್ನು ಅಂತರರಾಜ್ಯ ವಾಣಿಜ್ಯ ಆಯೋಗದ ಅಧೀನಕ್ಕೆ ತಂದಿತು. ರಾಜ್ಯದೊಳಗಿನ ದರಗಳನ್ನು ಮಾತ್ರ ರಾಜ್ಯಗಳಿಗೇ ಬಿಟ್ಟಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಹೆದ್ದಾರಿ ಸಾಗಣೆದಾರರ ಕಾಯ್ದೆಯಿಂದ ರಹದಾರಿಗಳನ್ನು ವರ್ಗೀಕರಿಸಿ ಕನಿಷ್ಠ ದರ ನಿಗದಿಗೆ ದಾರಿ ಮಾಡಿತು. ಈ ಕೆಲಸ ಮಾಡುತ್ತಿದ್ದ ರೈಲು ಆಯೋಗಕ್ಕೆ 1946ರಲ್ಲಿ ಸಾರ್ವಜನಿಕ ಉಪಯುಕ್ತತೆಗಳ ಆಯೋಗ ಎಂಬ ಹೆಸರು ಬಂತು.

ಹೊಸಬರಿಗೆ ಬಾಗಿಲು ಕಿರಿದಾದಷ್ಟೂ ಹಳೆಯ ರಹದಾರಿಯ ಬೆಲೆ ಏರಿತು. ಅಂತರರಾಜ್ಯ ರಹದಾರಿಗಳನ್ನು ಕಂಪನಿಗಳು ಕೊಂಡು, ಮಾರಿ, ಆಸ್ತಿಯ ಪಟ್ಟಿಯಲ್ಲಿ ತೋರಿಸುತ್ತಿದ್ದವು. 1980ರ ಜುಲೈ 1ರಂದು ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯ್ದೆ ಅಂತರರಾಜ್ಯ ಮಾರುಕಟ್ಟೆಯ ಬಾಗಿಲು ಸಡಿಲಿಸಿದಾಗ ಆ ಬೆಲೆ ಕರಗಿತು. ಅದೇ ಡಿಸೆಂಬರಿನಲ್ಲಿ ಲೆಕ್ಕಪತ್ರ ಮಾನದಂಡ ಮಂಡಳಿ ಆ ಮೊತ್ತವನ್ನು ಪುಸ್ತಕಗಳಿಂದ ತೆಗೆದುಹಾಕಲು ಸೂಚಿಸಿತು. ಅನುಮತಿಯ ಕಾಗದವೊಂದು ಲಾರಿಯ ಹಾಗೆ ಆಸ್ತಿಯಾಗಿದ್ದದ್ದು, ಬೇರೆಯವರನ್ನು ಹೊರಗಿಡುವ ಶಕ್ತಿಗೇ ಬೆಲೆ ಇತ್ತು ಎಂಬುದಕ್ಕೆ ಸ್ಪಷ್ಟ ಸಾಕ್ಷ್ಯ.

ರಾಜ್ಯಗಳು ಇದೇ ಹಾದಿ ಹಿಡಿಯಲಿಲ್ಲ. ಫ್ಲಾರಿಡಾದಲ್ಲಿ ಅವಧಿ ಮುಗಿದ ನಿಯಂತ್ರಣ ಕಾನೂನನ್ನು ಶಾಸನಸಭೆ ನವೀಕರಿಸದೆ ಹೋದದ್ದರಿಂದ 1980ರಲ್ಲೇ ಮಾರುಕಟ್ಟೆ ತೆರೆದುಕೊಂಡಿತು. 1982ರಲ್ಲಿ ಅರಿಜೋನಾ ತೆರೆಯಿತು. ಟೆಕ್ಸಾಸ್ ಕೊನೆಯವರೆಗೂ ಬಿಗಿಯಾಗಿಯೇ ಉಳಿಯಿತು. ಗಡಿ ದಾಟುವ ಲಾರಿಗೆ ಮುಕ್ತ ಪೈಪೋಟಿ, ಅದೇ ಹೆದ್ದಾರಿಯಲ್ಲಿ ಗಡಿ ದಾಟದ ಲಾರಿಗೆ ವಿಚಾರಣೆ, ಆಕ್ಷೇಪಣೆ, ನಿಗದಿತ ದರ ಎಂಬ ಸ್ಥಿತಿ ಹಲವು ವರ್ಷ ಮುಂದುವರಿಯಿತು.

ಇದನ್ನು ಮುರಿದದ್ದು ಪಾರ್ಸೆಲ್ ಕಂಪನಿಗಳ ಪೈಪೋಟಿ. 1991ರಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಫೆಡರಲ್ ಎಕ್ಸ್‌ಪ್ರೆಸ್ ವಿಮಾನ ಸಾಗಣೆದಾರ ಸಂಸ್ಥೆ, ಆದ್ದರಿಂದ 1978ರ ವಿಮಾನಯಾನ ಕಾಯ್ದೆಯ ಪ್ರಕಾರ ಅದರ ಲಾರಿಗಳ ದರವನ್ನು ಕ್ಯಾಲಿಫೋರ್ನಿಯಾ ನಿಯಂತ್ರಿಸುವಂತಿಲ್ಲ ಎಂದಿತು. ಅದೇ ಪಾರ್ಸೆಲ್ಲನ್ನು ಅದೇ ರಸ್ತೆಯಲ್ಲಿ ಒಯ್ಯುವ ಯುಪಿಎಸ್‌ಗೆ ಆ ರಕ್ಷಣೆ ಇರಲಿಲ್ಲ. ಈ ತಾರತಮ್ಯವನ್ನು ಸರಿಪಡಿಸಲು ಕಾಂಗ್ರೆಸ್ 1994ರ ವಿಮಾನಯಾನ ಆಡಳಿತ ಮಸೂದೆಯೊಳಗೇ ಲಾರಿಗಳ ಕುರಿತ ಒಂದು ಕಲಮನ್ನು ಸೇರಿಸಿತು. ಆ ವರ್ಷದ ಆಗಸ್ಟ್ 23ರಂದು ಕ್ಲಿಂಟನ್ ಸಹಿ ಬಿತ್ತು, 1995ರ ಜನವರಿ 1ರಿಂದ ಜಾರಿಯಾಯಿತು. ಸರಕು ಸಾಗಣೆದಾರರ ದರ, ಮಾರ್ಗ, ಸೇವೆಗಳಿಗೆ ಸಂಬಂಧಿಸಿ ರಾಜ್ಯಗಳು ಕಾನೂನು ಮಾಡುವಂತಿಲ್ಲ ಎಂಬುದು ಅದರ ತಿರುಳು. ಆಗ 41 ಕಡೆ ಇಂಥ ನಿಯಂತ್ರಣವಿದೆ ಎಂದು ಕಾಂಗ್ರೆಸ್ಸಿನ ವರದಿ ಲೆಕ್ಕ ಹಾಕಿತ್ತು.

1995ರ ನಂತರದ ರಹದಾರಿ

ಹೊಸ ಕಾನೂನು ಸುರಕ್ಷತೆ, ವಿಮೆ, ಗಾತ್ರ–ತೂಕಕ್ಕೆ ತಕ್ಕ ಮಾರ್ಗ ನಿರ್ಬಂಧ, ಅಪಾಯಕಾರಿ ಸರಕು ಇವುಗಳನ್ನು ರಾಜ್ಯಗಳಿಗೆ ಉಳಿಸಿತು. ಮನೆ ಸಾಮಾನು ಸಾಗಣೆಯನ್ನೂ ಹೊರಗಿಟ್ಟಿತು. ಹೀಗಾಗಿ ರಹದಾರಿ ಉಳಿಯಿತು, ಕೊಡುವ ಕಚೇರಿ ಬದಲಾಯಿತು. ಕ್ಯಾಲಿಫೋರ್ನಿಯಾದಲ್ಲಿ 1996ರ ಕಾಯ್ದೆ ಆ ಕೆಲಸವನ್ನು ಉಪಯುಕ್ತತೆಗಳ ಆಯೋಗದಿಂದ ಮೋಟಾರು ವಾಹನ ಇಲಾಖೆಗೆ ವರ್ಗಾಯಿಸಿತು. ಇಂದು ಅರ್ಜಿದಾರರು ಹೆದ್ದಾರಿ ಗಸ್ತು ಪೊಲೀಸರಿಂದ ಪಡೆದ ಗುರುತಿನ ಸಂಖ್ಯೆ, ಹೊಣೆಗಾರಿಕೆ ವಿಮೆ (10,000 ಪೌಂಡು ಮೀರಿದ ಲಾರಿಗಳಿಗೆ ಸಾಮಾನ್ಯವಾಗಿ 7,50,000 ಡಾಲರ್), ಕೆಲಸಗಾರರ ಪರಿಹಾರ ವಿಮೆಯ ದಾಖಲೆಗಳನ್ನು ಒದಗಿಸಬೇಕು. ಟೆಕ್ಸಾಸಿನಲ್ಲಿ 1995ರಲ್ಲಿ ಸಾರಿಗೆ ಇಲಾಖೆಗೆ ಹೋದ ಈ ಕೆಲಸ 2009ರಲ್ಲಿ ಹೊಸ ಮೋಟಾರು ವಾಹನ ಇಲಾಖೆಯ ಪಾಲಾಯಿತು. ರೈಲ್‌ರೋಡ್ ಕಮಿಷನ್ ಬಳಿ ಇಂದು ತೈಲ, ಅನಿಲದ ಕೆಲಸ ಉಂಟು. ಲಾರಿಯೂ ಇಲ್ಲ, ರೈಲೂ ಇಲ್ಲ.

ಈ ಅರ್ಜಿಗಳಲ್ಲಿ ‘ಈ ಮಾರ್ಗಕ್ಕೆ ನಿಮ್ಮ ಅಗತ್ಯವೇನು’ ಎಂಬ ಪ್ರಶ್ನೆಯಿಲ್ಲ. ಕಾಗದ ಸರಿಯಿದ್ದರೆ ರಹದಾರಿ ಸಿಗುತ್ತದೆ. ಗಡಿಯ ಗೊಂದಲ ಮಾತ್ರ ಪೂರ್ತಿ ಹೋಗಿಲ್ಲ. ವಿದೇಶದಿಂದ ಲಾಂಗ್ ಬೀಚ್ ಬಂದರಿಗೆ ಬಂದ ಕಂಟೇನರನ್ನು ಫ್ರೆಸ್ನೊಗೆ ಒಯ್ಯುವ ಲಾರಿ ಕ್ಯಾಲಿಫೋರ್ನಿಯಾ ಬಿಟ್ಟು ಹೋಗದಿದ್ದರೂ, ಸರಕಿನ ಒಟ್ಟು ಪಯಣದ ಭಾಗವಾಗಿ ಆ ಓಟ ಅಂತರರಾಜ್ಯ ವಾಣಿಜ್ಯವೆಂದೇ ಎಣಿಕೆಯಾಗಬಹುದು.

ಪ್ರವೇಶ ನಿಯಂತ್ರಣ ಬೇರೆ ದಾರಿಯಿಂದಲೂ ಬರಬಲ್ಲದು. ಲಾಸ್ ಏಂಜಲಿಸ್ ಬಂದರು 2008ರಲ್ಲಿ ಕಂಟೇನರ್ ಲಾರಿಗಳಿಗೆ ಒಪ್ಪಂದದ ಷರತ್ತು ಹೇರಿತು. ಫಲಕ ಹಚ್ಚಬೇಕು, ರಸ್ತೆಯಿಂದಾಚೆ ಪಾರ್ಕಿಂಗ್ ಜಾಗ ತೋರಿಸಬೇಕು ಎಂಬ ಎರಡನ್ನು 2013ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅನೂರ್ಜಿತಗೊಳಿಸಿತು. ಚಾಲಕರನ್ನು ಉದ್ಯೋಗಿಗಳೆಂದು ಎಣಿಸುವ ಮಾನದಂಡವನ್ನು ಬಿಗಿಗೊಳಿಸಿದ ಕ್ಯಾಲಿಫೋರ್ನಿಯಾದ 2019ರ ಕಾಯ್ದೆಯ ವಿರುದ್ಧ ಲಾರಿ ಸಂಘ ಹೂಡಿದ ದಾವೆಯಲ್ಲಿ ಫಲಿತಾಂಶ ಬೇರೆಯಾಯಿತು. ಮೇಲ್ಮನವಿ ನ್ಯಾಯಾಲಯ ರಾಜ್ಯದ ಪರ ನಿಂತಿತು, 2022ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ.

ಭಾರತದ ಸಮಾನಾಂತರ

ರೈಲು–ರಸ್ತೆ ಪೈಪೋಟಿಯ ಇದೇ ಚಿಂತೆ ಭಾರತದಲ್ಲಿ 1933ರ ಮಿಚೆಲ್–ಕರ್ಕ್‌ನೆಸ್ ವರದಿಯಲ್ಲಿ ಕಾಣುತ್ತದೆ. ಧಾರವಾಡ, ಬೆಳಗಾವಿಗಳನ್ನೊಳಗೊಂಡ ಬ್ರಿಟಿಷ್ ಭಾರತಕ್ಕೆ ಅನ್ವಯಿಸಿದ 1939ರ ಮೋಟಾರು ವಾಹನ ಕಾಯ್ದೆ ಸಾಗಣೆ ವಾಹನಗಳಿಗೆ ರಹದಾರಿ ಕಡ್ಡಾಯ ಮಾಡಿತು. ಬಾಡಿಗೆ ಲಾರಿಯ ಅರ್ಜಿಯನ್ನು ಪ್ರಕಟಿಸಿ, ಈಗಾಗಲೇ ಸೇವೆ ಒದಗಿಸುತ್ತಿರುವವರ ಆಕ್ಷೇಪಣೆ ಕೇಳುವ ಕ್ರಮವೂ ಅದರಲ್ಲಿತ್ತು. 1988ರ ಕಾಯ್ದೆ ಆ ಕ್ರಮವನ್ನು ಕೈಬಿಟ್ಟು, ಸಾಮಾನ್ಯವಾಗಿ ರಹದಾರಿ ನಿರಾಕರಿಸಬಾರದು ಎಂದಿತು. ಹಳೆಯ ಮಾಲೀಕರಿಗೆ ಹೊಸಬರನ್ನು ತಡೆಯುವ ಹಕ್ಕಿಲ್ಲ ಎಂಬುದನ್ನು ಬಸ್ಸು ಮಾಲೀಕರ ಮಿಥಿಲೇಶ್ ಗರ್ಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1991ರಲ್ಲಿ ಸ್ಥಿರಪಡಿಸಿತು.

ಸಮಾರೋಪ

ಎರಡು ದೇಶಗಳಲ್ಲೂ ಕಾಯ್ದೆಯ ಪೀಠಿಕೆಗಳು ಹೆಚ್ಚು ಬದಲಾಗಿಲ್ಲ. ಸಾರ್ವಜನಿಕ ಹಿತ, ಸುರಕ್ಷತೆ, ರಸ್ತೆಯ ರಕ್ಷಣೆ ಎಂಬ ಮಾತುಗಳು 1917ರಲ್ಲೂ ಸಲ್ಲುತ್ತಿದ್ದವು, ಈಗಲೂ ಸಲ್ಲುತ್ತವೆ. ಬದಲಾದದ್ದು ಕಾರ್ಯವಿಧಾನ: ಅರ್ಜಿಯ ವಿಚಾರಣೆಯಲ್ಲಿ ಪ್ರತಿಸ್ಪರ್ಧಿಗೆ ಇದ್ದ ಆಸನವನ್ನು ತೆಗೆದದ್ದು. ರಹದಾರಿ ಕಾನೂನಿನ ಸ್ವರೂಪವನ್ನು ಅದರ ಉದ್ದೇಶ ವಾಕ್ಯದಿಂದ ಅಳೆದರೆ 1931ರ ಟೆಕ್ಸಾಸ್ ಕಾಯ್ದೆಗೂ ಇಂದಿನ ಕ್ಯಾಲಿಫೋರ್ನಿಯಾ ಕಾಯ್ದೆಗೂ ವ್ಯತ್ಯಾಸ ಕಾಣದು. ಆಕ್ಷೇಪಣೆಯ ಕಲಮಿನಿಂದ ಅಳೆದರೆ ಅವು ಎರಡು ಬೇರೆ ಜಾತಿಯ ಕಾನೂನುಗಳು. ಬಂದರು ಒಪ್ಪಂದ, ಹೊಗೆ ನಿಯಮ, ಉದ್ಯೋಗ ಕಾನೂನು ಎಂದು ಹೊಸ ಹೆಸರುಗಳಲ್ಲಿ ಬರುವ ಷರತ್ತುಗಳನ್ನೂ ಇದೇ ಅಳತೆಗೆ ಹಚ್ಚಿ ನೋಡಬೇಕು.